ಜ್ವರದ ಚಾಂಪಿಯನ್

"ಗದ್ದ ಮೇಲೆತ್ತಿ ಮಾವ. ಮಾತಾಡ್ಬೇಡಿ, ಬ್ಲೇಡು ಹೊಸದು."

ಮಾತ್ರೆಯಣ್ಣ ಗದ್ದ ಎತ್ತಿದ. ಅರ್ಧ ಮುಖಕ್ಕೆ ಸೋಪಿನ ನೊರೆ, ಕೊರಳ ಸುತ್ತ ಬಿಳಿ ಬಟ್ಟೆ. ಬೆನ್ನ ಹಿಂದೆ ಬೆಂಚಿನ ಮೇಲೆ ಕೂತಿದ್ದ ಇಬ್ಬರು ಗೆಳೆಯರು ಕನ್ನಡಿಯಲ್ಲಿ ಕಾಣುತ್ತಿದ್ದರು. ಒಬ್ಬ ರಿಟೈರಾದ ಬಸ್ ಕಂಡಕ್ಟರ್, ಇನ್ನೊಬ್ಬ ಇನ್ನೂ ರಿಟೈರಾಗದ ವಕೀಲ. ಇಬ್ಬರ ಗಡ್ಡವೂ ಆಗಲೇ ಮುಗಿದಿತ್ತು. ಮೂವರೂ ಇನ್ನು ಒಂದು ಗಂಟೆಯಲ್ಲಿ ಚಿತಾಗಾರದ ಸಭಾಂಗಣದಲ್ಲಿರಬೇಕಿತ್ತು.

ಯಜಮಾನ ಸತ್ತ ಮೂರನೆಯ ದಿನವೇ ಕಟಿಂಗ್ ಅಂಗಡಿಯ ಬಾಗಿಲು ತೆಗೆಯುತ್ತಾರೆಯೇ ಎಂದು ಯಾರಾದರೂ ಕೇಳಿಯಾರು. ತೆಗೆಸಿದ್ದು ಸತ್ತವನ ಹೆಂಡತಿಯೇ. "ಆ ಮೂರು ಜನ ಗಡ್ಡ ಬಿಟ್ಕೊಂಡು ಬಂದ್ರೆ ನಿಮ್ಮಪ್ಪ ಪೆಟ್ಟಿಗೆಯಿಂದ ಎದ್ದು ಕೂರ್ತಾರೆ. ಹೋಗು, ಒಂದು ಕೈ ನೋಡು" ಎಂದು ಮಗಳನ್ನು ಕಳಿಸಿದ್ದಳು. ಮಗಳಿಗೆ ಈಗ ನಲವತ್ತು. ಅಪ್ಪನ ಪಕ್ಕದ ಕುರ್ಚಿಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವಳು.

ಸತ್ತವನನ್ನು ಎಲ್ಲರೂ ಕತ್ತರಿಯಣ್ಣ ಎನ್ನುತ್ತಿದ್ದರು. ಬೀದಿಯ ಆಚೆ ಬದಿಯಲ್ಲಿ ಔಷಧಿ ಅಂಗಡಿ ಇಟ್ಟವನು ಮಾತ್ರೆಯಣ್ಣ ಆಗಿದ್ದೂ ಹೀಗೆಯೇ. ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಬಂದ ಕತ್ತರಿಯಣ್ಣ, ಗಿರಾಕಿಗಳಿಲ್ಲವೆಂದು ತನ್ನದೇ ಕುರ್ಚಿಯಲ್ಲಿ ಒರಗಿದ್ದಾನೆ, ಮತ್ತೆ ಕಣ್ಣು ತೆರೆದಿಲ್ಲ. ಒಬ್ಬ ಗಿರಾಕಿ ಬಂದು, ಪಾಪ ನಿದ್ದೆ ಕೆಡಿಸುವುದು ಯಾಕೆ ಎಂದು ಹತ್ತು ನಿಮಿಷ ಪೇಪರು ಓದುತ್ತ ಕಾದನಂತೆ. ಅಂಥ ಸಾವು ಕೇಳಿ ಪಡೆದರೂ ಸಿಗುವುದಿಲ್ಲ. ಆದ್ದರಿಂದ ಈ ಬೆಳಿಗ್ಗೆ ಅಂಗಡಿಯಲ್ಲಿ ಅಳು ಇರಲಿಲ್ಲ. ಜಗಳ ಇತ್ತು.

"'ನಮ್ಮ ಚೆಸ್ ಸಂಘದ ಚಾಂಪಿಯನ್ ಆಗಿದ್ದ...' ಇಲ್ಲೀವರೆಗೆ ಬರ್ದಿದ್ದೀನಿ," ಎಂದ ಕಂಡಕ್ಟರ್. ಸಂಘದ ಕಾರ್ಯದರ್ಶಿಯಾಗಿ ಚಿತಾಗಾರದಲ್ಲಿ ಎರಡು ಮಾತಾಡುವ ಕೆಲಸ ಅವನ ಪಾಲಿಗೆ ಬಂದಿತ್ತು.

"ಚಾಂಪಿಯನ್ ಅನ್ನೋದನ್ನ ಹೊಡೆದುಹಾಕು," ಎಂದ ವಕೀಲ.

"ಯಾಕೆ? ಒಂದು ವರ್ಷ ಆಗಿದ್ನಲ್ಲ?"

"ಎದುರಿಗಿದ್ದವನಿಗೆ ನೂರೆರಡು ಡಿಗ್ರಿ ಜ್ವರ. ಅದೂ ಒಂದು ಗೆಲುವಾ? ನನಗೂ ಅವನ ಮೇಲೆ ಪ್ರೀತಿ ಇದೆ ಕಣಯ್ಯಾ. ಆದ್ರೆ ಸತ್ತೋರ ಎದುರು ಸುಳ್ಳು ಹೇಳ್ಬಾರ್ದು. 'ಒಳ್ಳೇ ಆಟಗಾರ' ಅನ್ನು, ಸಾಕು."

ಕಂಡಕ್ಟರ್ ತಲೆಯೆತ್ತಿ ಗೋಡೆ ನೋಡಿದ. ತಲೆಗೂದಲಿನ ಬಗೆಬಗೆಯ ಮಾದರಿ ತೋರಿಸುವ ಪಟಗಳ ನಡುವೆ, ಹಳೇ ಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ ಒಂದು ಫೋಟೋ ಇತ್ತು. ಸೂಟು ತೊಟ್ಟ ಎತ್ತರದ ಮನುಷ್ಯ ಚೆಸ್ ಮಣೆಯ ಮುಂದೆ ಕೂತಿದ್ದಾನೆ. ಹಿಂದೊಂದು ಕಾಲದಲ್ಲಿ ಲೋಕಕ್ಕೇ ಚಾಂಪಿಯನ್ ಆಗಿದ್ದ ಹಾಲೆಂಡಿನ ಲೆಕ್ಕದ ಮೇಷ್ಟ್ರು ಅವರು. ಹೊಸ ಗಿರಾಕಿಗಳು "ಇದ್ಯಾವ ಕಟಿಂಗು?" ಎಂದು ಕೇಳಿದರೆ ಕತ್ತರಿಯಣ್ಣ "ಇದಾ? ಎರಡೇ ವರ್ಷ ನಿಲ್ಲೋ ಕಟಿಂಗು. ಆದ್ರೆ ಏನು ಚೆಂದ ಅಂತೀರಿ!" ಎನ್ನುತ್ತಿದ್ದ.

"ನಿನ್ನ ಲೆಕ್ಕದಲ್ಲಿ ಆ ಮೇಷ್ಟ್ರೂ ಚಾಂಪಿಯನ್ ಅಲ್ಲ ಅನ್ನು," ಎಂದ ಕಂಡಕ್ಟರ್.

"ಅಲ್ಲವೇ ಅಲ್ಲ. ಎದುರಾಳಿ ಕುಡೀತಿದ್ದ, ಇವರು ಗೆದ್ರು. ಎರಡು ವರ್ಷ ಬಿಟ್ಟು ಅವನು ಕುಡಿಯೋದು ಬಿಟ್ಟು ಬಂದ, ಇವರು ಸೋತ್ರು. ಮುಗೀತು ಕತೆ."

"ಮೂವತ್ತು ಆಟ ಆಡಿದಾರೆ ಸ್ವಾಮಿ! ಮೂವತ್ತು ದಿನಾನೂ ಕುಡಿದಿದ್ನಾ ಅವನು? ಪಾಠ ಹೇಳೋ ಕೆಲಸ ಇಟ್ಕೊಂಡೇ ಲೋಕ ಗೆದ್ದ ಮನುಷ್ಯ. ಗೆದ್ಮೇಲೆ ಸೋತವನಿಗೆ ಮತ್ತೆ ಆಡೋ ಅವಕಾಶ ಕೊಟ್ರು. ನೀನಾಗಿದ್ರೆ ಕೊಡ್ತಿದ್ಯಾ?"

"ನಾನಾಗಿದ್ರೆ ಕೇಸು ಮುಂದಕ್ಕೆ ಹಾಕ್ತಿದ್ದೆ."

"ಅದಕ್ಕೇ ನೀನು ಸಂಘದಲ್ಲಿ ಒಂದ್ಸಲಾನೂ ಸೆಮಿಫೈನಲ್ ದಾಟಿಲ್ಲ."

"ವಿಷಯಕ್ಕೆ ಬಾ. ಮೇಷ್ಟ್ರು ಗೆದ್ದಿದ್ದು ಬರೀ ಒಂದು ಪಾಯಿಂಟಲ್ಲಿ. ದಾಖಲೆ ನೋಡು."

"ಒಂದು ಪಾಯಿಂಟು ಗೆಲುವಲ್ವಾ? ಬಸ್ಸು ಒಂದು ನಿಮಿಷದಲ್ಲಿ ತಪ್ಪಿದ್ರೂ ತಪ್ಪಿದ್ದೇ!"

ಇಷ್ಟಾದರೂ ಮಾತ್ರೆಯಣ್ಣ ತುಟಿ ಬಿಚ್ಚಲಿಲ್ಲ. ಕೊರಳ ಮೇಲೆ ಕತ್ತಿ ಇದ್ದದ್ದು ಒಳ್ಳೆಯ ನೆಪ. ನಿಜ ಹೇಳಬೇಕೆಂದರೆ ಆ ನೂರೆರಡು ಡಿಗ್ರಿ ಜ್ವರ ಅವನದೇ. ಇನ್ನೂ ನಿಜ ಹೇಳಬೇಕೆಂದರೆ, ಆ ಜ್ವರ ಅವನಿಗೆ ಬಂದೇ ಇರಲಿಲ್ಲ. ಮೂವತ್ತೊಂದು ವರ್ಷದಿಂದ ಈ ಸಂಗತಿ ಬಲ್ಲವನು ಲೋಕದಲ್ಲಿ ತಾನೊಬ್ಬನೇ ಎಂದು ಅವನು ತಿಳಿದಿದ್ದ.

ಮಗಳು ಕತ್ತಿ ತೆಗೆದು ಅವನ ಕೆನ್ನೆಯ ಮೇಲೆ ಅಂಗೈ ಇಟ್ಟಳು. "ಎರಡು ರಾತ್ರಿ ನಿದ್ದೆ ಮಾಡಿಲ್ಲ ಅಲ್ವಾ ಮಾವ?"

"ನಿನಗೆ ಹೇಗೆ ಗೊತ್ತಾಯ್ತು?"

"ಕೆನ್ನೆ ಹೇಳುತ್ತೆ. ಅಪ್ಪ ಹೇಳ್ಕೊಟ್ಟ ಮೊದಲ ಪಾಠಾನೇ ಅದು. ಕತ್ತಿ ಇಡೋಕೆ ಮುಂಚೆ ಅಂಗೈ ಇಡು ಅಂತ. ನಿದ್ದೆ ಕೆಟ್ಟಿದ್ದು, ಜ್ವರ ಬಂದಿದ್ದು, ಮನೇಲಿ ಜಗಳ ಆಡಿ ಬಂದಿದ್ದು, ಎಲ್ಲಾ ಚರ್ಮಾನೇ ಹೇಳಿಬಿಡುತ್ತೆ ಅಂತಿದ್ರು," ಎನ್ನುತ್ತ ಅವಳು ಮತ್ತೆ ಕತ್ತಿ ಇಟ್ಟಳು.

ಮಾತ್ರೆಯಣ್ಣ ಕುರ್ಚಿಯಲ್ಲಿ ಬೆಚ್ಚಿ ಕೂತ. ಬ್ಲೇಡು ದವಡೆಯ ಕೆಳಗೆ ಸಣ್ಣಗೆ ತಾಗಿತು.

"ಅಯ್ಯೋ, ಅಲ್ಲಾಡ್ಬೇಡಿ ಅಂದ್ನಲ್ಲ!" ಎಂದು ಮಗಳು ಪಟಿಕದ ಕಲ್ಲು ತೆಗೆದುಕೊಂಡಳು.

ಪಟಿಕ ಚುರ್ರೆಂದಿತು. ಅವನಿಗೆ ಅದು ಗೊತ್ತಾಗಲೇ ಇಲ್ಲ.

*

ಮೂವತ್ತೊಂದು ವರ್ಷದ ಹಿಂದಿನ ಆ ಭಾನುವಾರದ ಬೆಳಿಗ್ಗೆಯೂ ಅವನು ಇದೇ ಕುರ್ಚಿಯಲ್ಲಿ ಕೂತಿದ್ದ. ಪ್ರತಿ ಭಾನುವಾರ ಅವನ ಗಡ್ಡ ಕತ್ತರಿಯಣ್ಣನ ಕೈಯಲ್ಲೇ ಆಗಬೇಕು. ಮಧ್ಯಾಹ್ನ ಇಬ್ಬರಿಗೂ ಸಂಘದ ಫೈನಲ್ ಇದೆ ಎಂಬ ಕಾರಣಕ್ಕೆ ಅದು ತಪ್ಪುವಂತಿರಲಿಲ್ಲ.

"ಲೋ, ಇವತ್ತು ನನ್ನ ಕುತ್ತಿಗೆ ನಿನ್ನ ಕೈಲಿದೆ. ಈಗಲೇ ಮುಗಿಸಿಬಿಡು, ಮಧ್ಯಾಹ್ನ ಆಗಲ್ಲ ನಿನ್ನ ಕೈಲಿ," ಎಂದಿದ್ದ ಮಾತ್ರೆಯಣ್ಣ. ಆಗ ಅವನು ಐದು ವರ್ಷದ ಚಾಂಪಿಯನ್.

"ಕುತ್ತಿಗೆ ಬೇಡಪ್ಪ, ಮಂತ್ರಿ ಸಾಕು," ಎಂದು ಕತ್ತರಿಯಣ್ಣ ನಕ್ಕು, ಅಂಗೈಯಿಂದ ಅವನ ಎರಡೂ ಕೆನ್ನೆ ಸವರಿ, ನೊರೆ ಹಚ್ಚಿದ್ದ. ಆಮೇಲೆ ತಣ್ಣೀರಲ್ಲಿ ಅದ್ದಿದ ಟವಲಿನಿಂದ ಮುಖ ಒರೆಸಿ, "ಹೋಗು, ಮದುಮಗ ಆಗಿದ್ದೀಯ" ಎಂದು ಬೆನ್ನು ತಟ್ಟಿದ್ದ.

ಆಟ ನಡೆದದ್ದು ಗ್ರಂಥಾಲಯದ ಓದುವ ಕೋಣೆಯಲ್ಲಿ. ಮೂವತ್ತು ಜನ ಉಸಿರು ಬಿಗಿಹಿಡಿದು ನಿಂತು ನೋಡಿದರು. ಮೂರು ಗಂಟೆಗೆ ಶುರುವಾದದ್ದು ಆರೂವರೆಗೆ ಮುಗಿಯಿತು. ಕೊನೆಯಲ್ಲಿ ಮಾತ್ರೆಯಣ್ಣನ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ. ತನ್ನ ಗಿರಾಕಿಗಳು, ಸಂಘದವರು, ಹೆಂಡತಿಯ ತಮ್ಮ, ಎಲ್ಲರೂ ಸುತ್ತ ನಿಂತಿದ್ದರು. ಎಲ್ಲರ ಕಣ್ಣೂ ತನ್ನ ಮೇಲೇ. ಅವನ ಕೈ ತಾನಾಗಿಯೇ ಹಣೆಗೆ ಹೋಯಿತು.

"ಯಾಕೋ ಕಣ್ಣು ಕತ್ತಲೆ ಬರ್ತಿದೆ," ಎಂದ. "ಬೆಳಿಗ್ಗೆಯಿಂದ ಜ್ವರ. ಬರೋವಾಗ ನೋಡ್ಕೊಂಡೆ, ನೂರೆರಡಿತ್ತು. ಆಟ ನಿಲ್ಲಿಸ್ಬಾರ್ದು ಅಂತ ಬಂದೆ."

ಔಷಧಿ ಅಂಗಡಿಯವನ ಮಾತು. ಥರ್ಮಾಮೀಟರು ಅವನದೇ. ಯಾರು ಅನುಮಾನ ಪಡುತ್ತಾರೆ? ಕುಣಿಯಲಾರದವಳು ನೆಲ ಡೊಂಕು ಎಂದರೆ ಜನ ನಗುತ್ತಾರೆ. ನೂರೆರಡು ಡಿಗ್ರಿ ಎಂದು ಅಂಕಿ ಸಮೇತ ಹೇಳಿದರೆ ನಂಬುತ್ತಾರೆ. ಮೂವತ್ತು ಜನರ ಕಣ್ಣಲ್ಲಿ ಅವನು ಒಂದೇ ಕ್ಷಣದಲ್ಲಿ ಸೋತವನಿಂದ ಶೂರನಾದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಕತ್ತರಿಯಣ್ಣ ಮಾತ್ರ ಅವನ ಮುಖವನ್ನು ಒಂದು ಗಳಿಗೆ ಸುಮ್ಮನೆ ನೋಡಿದ. ಆಮೇಲೆ, "ಛೆ, ಮೊದಲೇ ಹೇಳ್ಬಾರ್ದಿತ್ತಾ? ಮುಂದಕ್ಕೆ ಹಾಕ್ಬಹುದಿತ್ತು," ಎಂದ. ಮರುದಿನ ಬೀದಿ ದಾಟಿ ಬಂದು, "ಜ್ವರದವನನ್ನ ಸೋಲಿಸಿದ್ದು ಒಂದು ಲೆಕ್ಕಾನಾ? ಬರೋ ವರ್ಷ ಬೇರೆ ಯಾರೂ ಬೇಡ, ಫೈನಲ್ ನಾವಿಬ್ಬರೇ ಆಡೋಣ. ಸಂಘಕ್ಕೆ ನಾನೇ ಹೇಳ್ತೀನಿ," ಎಂದ. ಹೇಳಿದ ಕೂಡ. ಬರುವ ವರ್ಷ ಮಾತ್ರೆಯಣ್ಣ ಗೆದ್ದ. ಅದರ ಮುಂದಿನ ನಾಲ್ಕು ವರ್ಷವೂ ಗೆದ್ದ.

'ಜ್ವರದ ಚಾಂಪಿಯನ್' ಎಂಬ ಹೆಸರು ಹುಟ್ಟಿದ್ದು ಆಗ. ಯಾರೋ ತಮಾಷೆಗೆ ಅಂದದ್ದು ಕತ್ತರಿಯಣ್ಣನಿಗೆ ಅಂಟಿಯೇಬಿಟ್ಟಿತು. ಅವನು ಅದಕ್ಕೂ ನಗುತ್ತಿದ್ದ. "ಹಾಲೆಂಡಿನ ಮೇಷ್ಟ್ರಿಗೆ ಕುಡುಕ ಸಿಕ್ಕ, ನನಗೆ ಜ್ವರದವನು ಸಿಕ್ಕ. ಅದೃಷ್ಟಾನೂ ಬೇಕಲ್ಲಪ್ಪ!" ಎಂದು ತಾನೇ ಗಿರಾಕಿಗಳಿಗೆ ಹೇಳುತ್ತಿದ್ದ. ಅದನ್ನು ಕೇಳಿದಾಗಲೆಲ್ಲ ಮಾತ್ರೆಯಣ್ಣ ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದ. ಜೊತೆಗೆ, ಸದ್ಯ ಸಿಕ್ಕಿಬೀಳಲಿಲ್ಲ ಎಂಬ ಸಮಾಧಾನವೂ ಇರುತ್ತಿತ್ತು.

ಸುಳ್ಳು ಹೇಳುವವನ ಗಮನವೆಲ್ಲ ತನ್ನ ನಾಲಿಗೆಯ ಮೇಲೆ. ಆ ಬೆಳಿಗ್ಗೆ ತನ್ನ ಕೆನ್ನೆ ಸವರಿದ ಕೈ ಯಾರದು ಎಂದು ಯೋಚಿಸುವ ಬುದ್ಧಿ ಅವನಿಗೆ ಬಂದಿರಲಿಲ್ಲ. ಅದಾದ ಮೇಲೂ ಸಾವಿರದ ಆರುನೂರು ಭಾನುವಾರ ಅದೇ ಕೈಗೆ ಮುಖ ಕೊಟ್ಟಿದ್ದಾನೆ, ಮಹಾ ಜಾಣ.

*

ಚಿತಾಗಾರದ ಸಭಾಂಗಣ ಸಣ್ಣದು, ಸ್ವಚ್ಛ. ಪ್ಲಾಸ್ಟಿಕ್ ಕುರ್ಚಿಗಳ ಆರು ಸಾಲು. ಹನ್ನೊಂದೂವರೆಯಿಂದ ಹನ್ನೆರಡು ಇವರ ಸಮಯ. ಬಾಗಿಲ ಬಳಿ ನಿಂತಿದ್ದ ಸಿಬ್ಬಂದಿ ಆಗಾಗ ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಮುಂದುಗಡೆ ಪೆಟ್ಟಿಗೆ ಇತ್ತು. ಬಿಳಿ ಹೂವಿನ ನಡುವೆ ಕತ್ತರಿಯಣ್ಣ ನುಣ್ಣನೆ ಕೆನ್ನೆಯಲ್ಲಿ, ಬಾಚಿದ ತಲೆಯಲ್ಲಿ, ಮದುವೆಗೆ ಹೊರಟವನ ಹಾಗೆ ಮಲಗಿದ್ದ. ಅದೂ ಮಗಳ ಕೈಯದೇ ಕೆಲಸ.

ವ್ಯಾನಿನಲ್ಲಿ ಬರುವಾಗ ಮಾತ್ರೆಯಣ್ಣ ಕಂಡಕ್ಟರನ ಪಕ್ಕದಲ್ಲೇ ಕೂತಿದ್ದ. ಮೂರು ಸಲ ಬಾಯಿ ತೆರೆದ. ಮೂರು ಸಲವೂ "ಬಿಸಿಲು ಜಾಸ್ತಿ" ಎಂಬುದಷ್ಟೇ ಹೊರಬಿತ್ತು. ಕಂಡಕ್ಟರನ ಜೇಬಿನ ಕಾಗದದಲ್ಲಿ 'ಚಾಂಪಿಯನ್' ಎಂಬ ಪದದ ಮೇಲೆ ವಕೀಲ ಗೆರೆ ಎಳೆಸಿಯಾಗಿತ್ತು. ಈಗ ಸುಮ್ಮನಿದ್ದರೆ ಗೆಳೆಯ ಜ್ವರದ ಚಾಂಪಿಯನ್ ಆಗಿಯೇ ಬೂದಿಯಾಗುತ್ತಾನೆ. ಬಾಯಿ ಬಿಟ್ಟರೆ, ಎಪ್ಪತ್ತೈದನೆಯ ವಯಸ್ಸಿನಲ್ಲಿ, ಊರ ಜನರ ಮುಂದೆ, ಮೀಸೆಯೆಲ್ಲ ಮಣ್ಣು.

ಕಂಡಕ್ಟರ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಮುಂದಿನ ಸ್ಟಾಪು ಕೂಗುವವನ ಹಾಗೆ ಓದತೊಡಗಿದ. "ನಮ್ಮ ಗೆಳೆಯ ನಲವತ್ತೆಂಟು ವರ್ಷ ಈ ಬೀದಿಯ ತಲೆ ಕಾಯ್ದ. ಯಾರ ತಲೆಗೂ ಎರಡು ಬಗೆದವನಲ್ಲ. ನಮ್ಮ ಚೆಸ್ ಸಂಘದ ಒಳ್ಳೇ..."

"ನನಗೆ ಜ್ವರ ಇರ್ಲಿಲ್ಲ!"

ಎಲ್ಲರೂ ತಿರುಗಿದರು. ಮಾತ್ರೆಯಣ್ಣ ಎದ್ದು ನಿಂತಿದ್ದ. ಎರಡನೇ ಸಾಲಿನ ಅಜ್ಜಿಯೊಬ್ಬಳು ಅವನ ಅಂಗಿ ಹಿಡಿದು, "ಇರ್ಲಿ ಕೂತ್ಕೊಳಪ್ಪ, ದುಃಖಕ್ಕೆ ಹೀಗೆಲ್ಲ ಆಗುತ್ತೆ," ಎಂದಳು.

"ಇವತ್ತಿನದಲ್ಲ ಅಜ್ಜೀ. ಮೂವತ್ತೊಂದು ವರ್ಷದ ಹಿಂದಿನದು." ಅವನು ಅಂಗಿ ಬಿಡಿಸಿಕೊಂಡು ಪೆಟ್ಟಿಗೆಯ ಕಡೆ ತಿರುಗಿದ. "ಆ ಫೈನಲ್ ದಿನ ನಾನು ಕಲ್ಲುಗುಂಡಿನ ಹಾಗಿದ್ದೆ. ಥರ್ಮಾಮೀಟರು ಮುಟ್ಟಿರ್ಲಿಲ್ಲ. ಸೋತೆ. ಸೋತಿದ್ದನ್ನ ಒಪ್ಕೊಳ್ಳೋಕೆ ಆಗ್ಲಿಲ್ಲ, ಸುಳ್ಳು ಹೇಳ್ದೆ. ಇವನು ನನ್ನನ್ನ ನೆಟ್ಟಗೆ ಸೋಲಿಸಿದ. ಕಂಡಕ್ಟರೇ, ನೀನು ಹೊಡೆದುಹಾಕಿದ ಪದಾನ ಓದು."

ಬಾಗಿಲ ಸಿಬ್ಬಂದಿ ಕೂಡ ಗಡಿಯಾರ ನೋಡುವುದು ಮರೆತ. ಮುಂದಿನ ಸಾಲಿನಿಂದ ಕತ್ತರಿಯಣ್ಣನ ಹೆಂಡತಿ ನಿಧಾನವಾಗಿ ತಿರುಗಿದಳು.

"ಅದು ನಮ್ಮನೇಲಿ ಎಲ್ಲರಿಗೂ ಗೊತ್ತು," ಎಂದಳು. "ನೀವು ಕೂತ್ಕೊಳ್ಳಿ. ಅವರು ಓದಿ ಮುಗಿಸ್ಲಿ, ಹೊತ್ತಾಗುತ್ತೆ."

ಹಿಂದಿನ ಸಾಲಿನಲ್ಲಿ ಯಾರೋ ಫಕ್ಕನೆ ನಕ್ಕರು. ಆಮೇಲೆ ಇನ್ನೊಬ್ಬರು. ಮಗಳಂತೂ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದಳು. ಕಂಡಕ್ಟರ್ ಕಾಗದವನ್ನು ಕಣ್ಣಿನ ಹತ್ತಿರ ತಂದು, ಗೆರೆಯ ಕೆಳಗಿನ ಅಕ್ಷರ ಹುಡುಕಿ, ಬೇಕೆಂದೇ ಎರಡು ಸಲ ಓದಿದ. "ಚಾಂಪಿಯನ್. ನಮ್ಮ ಸಂಘದ ಚಾಂಪಿಯನ್."

*

ಅಂಗಡಿಯ ಮೇಲಿನ ಮಹಡಿಯಲ್ಲೇ ಮನೆ. ಎಲ್ಲ ಮುಗಿದ ಮೇಲೆ ನೆಂಟರು ಬಂದು, ಟೀ ಕುಡಿದು, ಒಬ್ಬೊಬ್ಬರಾಗಿ ಹೊರಟರು. ಅಡುಗೆಮನೆಯ ಮೇಜಿನ ಸುತ್ತ ಉಳಿದವರು ಆ ಮೂವರೇ. ಮಾತ್ರೆಯಣ್ಣ ತಲೆ ತಗ್ಗಿಸಿ, ಆರಿಹೋದ ಟೀಯನ್ನು ಚಮಚದಿಂದ ತಿರುಗಿಸುತ್ತಿದ್ದ.

"ಅವನು ಯಾವಾಗ ಹೇಳ್ದ ಅತ್ತಿಗೆ?" ಎಂದು ಕೊನೆಗೆ ಕೇಳಿದ.

"ಅವತ್ತೇ. ಊಟಕ್ಕೆ ಕೂತಾಗ." ಕತ್ತರಿಯಣ್ಣನ ಹೆಂಡತಿ ಸಿಂಕಿನ ಮುಂದೆ ನಿಂತು ಲೋಟ ತೊಳೆಯುತ್ತಿದ್ದಳು. "'ಬೆಳಿಗ್ಗೆ ಅವನ ಕೆನ್ನೆ ಮಡಕೆ ನೀರಿನ ಹಾಗೆ ತಣ್ಣಗಿತ್ತು ಕಣೇ, ಬೆಳಿಗ್ಗೆಯಿಂದ್ಲೇ ಜ್ವರವಂತೆ, ನೂರೆರಡಂತೆ' ಅಂತ ಹೇಳಿ, ಅನ್ನ ನೆತ್ತಿಗೇರೋ ಅಷ್ಟು ನಕ್ರು. ಇವಳೂ ಪಕ್ಕದಲ್ಲೇ ಕೂತಿದ್ಲು, ಒಂಬತ್ತು ವರ್ಷದವಳು. ಬಾಯಿ ಬಿಟ್ರೆ ಕಿವಿ ಕತ್ತರಿಸ್ತೀನಿ ಅಂತ ಹೆದರಿಸಿದ್ರು."

"ಕತ್ತರಿ ತೋರಿಸಿಯೇ ಹೆದರಿಸಿದ್ರು," ಎಂದಳು ಮಗಳು.

"ನನ್ನನ್ನ ಒಂದ್ಸಲ ಕೇಳ್ಬಾರ್ದಿತ್ತಾ?" ಮಾತ್ರೆಯಣ್ಣ ಚಮಚ ಕೆಳಗಿಟ್ಟ. "ಜನ ಹಾಗೆಲ್ಲ ಆಡ್ಕೊಂಡ್ರು. ಎಲ್ಲಾ ಹೊಟ್ಟೆಗೆ ಹಾಕ್ಕೊಂಡು ಸುಮ್ಮನಿದ್ನಲ್ಲ."

"ನಾನೂ ಕೇಳ್ದೆ. ಕೋಪಾನೂ ಬಂದಿತ್ತು ನನಗೆ, ಸುಳ್ಳು ಯಾಕೆ ಹೇಳ್ಲಿ? ನಿಮಗೆ ಆರು ತಿಂಗಳು ಸರಿಯಾಗಿ ಟೀನೂ ಕೊಟ್ಟಿಲ್ಲ ನಾನು."

"ಸಕ್ಕರೆ ಇರ್ತಿರ್ಲಿಲ್ಲ," ಎಂದ ಮಾತ್ರೆಯಣ್ಣ. ಅವನಿಗೆ ಈಗ ಹೊಳೆಯಿತು.

"ಅದೇ. ಅವರು ಏನಂದ್ರು ಗೊತ್ತಾ? 'ನಾನು ಬಾಯಿ ಬಿಟ್ರೆ ಅವನು ನಾಚಿಕೆಗೆ ಅಂಗಡಿ ಮೆಟ್ಟಿಲೇ ಹತ್ತಲ್ಲ. ಆಮೇಲೆ ಪಟ್ಟ ಇಟ್ಕೊಂಡು ಯಾರ ಜೊತೆ ಆಡ್ಲಿ? ವಕೀಲನ ಜೊತೆಯಾ?' ಅಂದ್ರು."

ವಕೀಲ ಟೀ ಲೋಟ ಕೆಳಗಿಟ್ಟ. "ಇದು ಮಾನನಷ್ಟ," ಎಂದ.

ಕಂಡಕ್ಟರ್ ಮೇಜು ಕುಟ್ಟಿ ನಕ್ಕ. ಅತ್ತಿಗೆಯೂ ನಕ್ಕಳು. ಎರಡು ದಿನದಿಂದ ಆ ಮನೆಯಲ್ಲಿ ಕೇಳದಿದ್ದ ಸದ್ದು ಅದು. ಮುಗಿದ ಮೇಲೂ ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ಬೆಚ್ಚಗೆ ಉಳಿಯಿತು.

"ಆದ್ರೂ," ಎಂದ ವಕೀಲ. ಅವನು ಅಷ್ಟು ಬೇಗ ಬಿಡುವವನಲ್ಲ. "ಸಾವಿನ ಮನೇಲಿ ಮನಸ್ಸು ಕರಗಿ ಆಡಿದ ಮಾತು ಸಾಕ್ಷಿ ಆಗಲ್ಲ. ಸ್ನೇಹಕ್ಕೋಸ್ಕರ ಈಗ ಹೇಳಿದ್ದೇ ಸುಳ್ಳಿರಬಹುದು. ಆ ಆಟ ಹೇಗಿತ್ತು? ಜ್ವರದವನ ಹಾಗೆ ತಪ್ಪಾಡಿ ಸೋತ್ಯಾ, ಇಲ್ಲಾ ಅವನೇ ಸೋಲಿಸಿದ್ನಾ? ನನಗೆ ಅದು ಬೇಕು. ನಾನು ಅವತ್ತು ಊರಲ್ಲಿರ್ಲಿಲ್ಲ. ಬರೆದಿಟ್ಟ ಹಾಳೆ ಇದ್ಯಾ?"

"ಹಾಳೆ ಹರಿದು ಬಿಸಾಕಿದೆ," ಎಂದ ಮಾತ್ರೆಯಣ್ಣ. ಮಗಳ ಕಡೆ ತಿರುಗಿ, "ಮಣೆ ತಗೊಂಡು ಬಾ ಮಗಳೇ," ಎಂದ.

ಮಗಳು ಕೆಳಗಿನಿಂದ ಮಣೆ ತಂದಳು. ಮಾತ್ರೆಯಣ್ಣ ಕಾಯಿ ಜೋಡಿಸಿದ, ಬಿಳಿ ತನ್ನ ಕಡೆಗೆ, ಕಪ್ಪು ಎದುರಿನ ಖಾಲಿ ಕುರ್ಚಿಯ ಕಡೆಗೆ. ಒಂದು ಬಿಳಿ ನಡೆ ಇಟ್ಟ, ಕೈ ಚಾಚಿ ಒಂದು ಕಪ್ಪು ನಡೆ ಇಟ್ಟ. ಮತ್ತೆ ಬಿಳಿ. ಮತ್ತೆ ಕಪ್ಪು. ಎಲ್ಲಿಯೂ ತಡವರಿಸಲಿಲ್ಲ. ಕಂಡಕ್ಟರ್ ಕೂತಿದ್ದವನು ಎದ್ದು ನಿಂತ. ವಕೀಲ ಕನ್ನಡಕ ಒರೆಸಿ ಹಾಕಿಕೊಂಡ.

"ಇಷ್ಟೂ ನೆನಪಿದ್ಯಾ?" ಎಂದ ಕಂಡಕ್ಟರ್.

"ಮರೆಯೋಕೆ ನೋಡಿದ್ದೀನಿ. ಆಗ್ಲಿಲ್ಲ."

ಇಪ್ಪತ್ತಮೂರನೆಯ ನಡೆಗೆ ಅವನು ಒಂದು ಗಳಿಗೆ ನಿಂತ. "ಇಲ್ಲಿ ನೋಡು. ನನ್ನ ಕುದುರೆಗೆ ಅವನ ಆನೆ ಕೊಟ್ಟುಬಿಟ್ಟ. ತಪ್ಪಾಡಿದ ಅಂತ ಒಳಗೊಳಗೇ ಕುಣಿದಾಡಿ ತಗೊಂಡೆ. ಅವನು ಮುಖ ಎಷ್ಟು ಪೆದ್ದು ಮಾಡ್ಕೊಂಡು ಕೂತಿದ್ದ ಅಂದ್ರೆ, ಕೆಮ್ಮಿದ ಕೂಡ." ಆನೆ ಎತ್ತಿ ಪಕ್ಕಕ್ಕಿಟ್ಟ. "ಈಗ ಇವನ ಒಂಟೆ ನೋಡು."

ಕಪ್ಪು ಒಂಟೆ ಮಣೆಯ ಈ ತುದಿಯಿಂದ ಆ ತುದಿಗೆ ಸರಿಯಿತು. ಅದರ ಹಿಂದೆ ಕುದುರೆ ಬಂತು. ಬಿಳಿ ರಾಜ ಒಂದು ಮನೆ ಸರಿದ, ಇನ್ನೊಂದು ಮನೆ ಸರಿದ, ಮೂಲೆ ಸೇರಿದ. ವಕೀಲ ಮಣೆಯ ಮೇಲೆ ಬಾಗಿ, ತಪ್ಪಿಸಿಕೊಳ್ಳುವ ದಾರಿಗಳನ್ನೆಲ್ಲ ಬೆರಳಿನಲ್ಲಿ ಹುಡುಕಿದ. ಹೀಗಾದರೆ? ಇಲ್ಲ, ಕುದುರೆ ಇದೆ. ಹಾಗಾದರೆ? ಅಲ್ಲಿ ಒಂಟೆ. ಬಹಳ ಹೊತ್ತು ನೋಡಿ ನೆಟ್ಟಗಾದ.

"ಎಂಥಾ ಆಟ ಆಡಿದಾನೆ ಕಣೋ," ಎಂದ ಮೆಲ್ಲಗೆ. ಅವನ ದನಿಯಲ್ಲಿ ವಕೀಲಿಕೆ ಇರಲಿಲ್ಲ.

ನಲವತ್ತೊಂದನೆಯ ನಡೆ ಕಪ್ಪಿನದು. ಮಾತ್ರೆಯಣ್ಣ ಅದನ್ನು ಗೆಳೆಯನ ಹಾಗೆಯೇ ಎರಡು ಬೆರಳಿನಲ್ಲಿ ಹಿಡಿದು, ಸದ್ದಾಗದಂತೆ ಇಟ್ಟ. ಬಿಳಿಗೆ ಇನ್ನು ಆಡಲು ಏನೂ ಉಳಿದಿರಲಿಲ್ಲ. ಸೋತವನು ಎದ್ದು ಕೈ ಚಾಚಬೇಕು. ಆ ಆಟದ ಮರ್ಯಾದೆ ಅದು. ಓದುವ ಕೋಣೆಯಲ್ಲಿ ಅವನು ಮಾಡದೆ ಬಿಟ್ಟದ್ದೂ ಅದೇ.

ಮಾತ್ರೆಯಣ್ಣ ಮೇಜಿಗೆ ಒಂದು ಕೈ ಊರಿ, ಮಂಡಿ ನೋವಿಗೆ ಮುಖ ಕಿವಿಚಿಕೊಂಡು ಎದ್ದ. ಮಣೆಯ ಮೇಲಿನಿಂದ ಖಾಲಿ ಕುರ್ಚಿಯ ಕಡೆಗೆ ಬಲಗೈ ಚಾಚಿದ. ಕೈ ಹಾಗೇ ನಿಂತಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಸಿಂಕಿನ ನಲ್ಲಿ ನಿಂತಿತು. ಅತ್ತಿಗೆ ಒದ್ದೆ ಕೈಯನ್ನು ಟವಲಿಗೆ ಒರೆಸಿಕೊಳ್ಳುತ್ತ ಬಂದಳು. ಕುರ್ಚಿ ಎಳೆದು ಗಂಡನ ಜಾಗದಲ್ಲಿ ಕೂತು, ಮಣೆಯನ್ನೊಮ್ಮೆ ನೋಡಿ, ಚಾಚಿದ ಕೈಯನ್ನು ಗಟ್ಟಿಯಾಗಿ ಕುಲುಕಿದಳು.